ಮಡಿಲಿಗೆ ಬಿದ್ದ ಹುಲ್ಲುಕಡ್ಡಿ

ಒಯ್ಸ್ ಹೊಳೆಯ ದಂಡೆಯಲ್ಲಿ ಗಾಡಿ ವಾಂಡೊ ಎಂದರೆ ಗೊತ್ತಿಲ್ಲದವರಿಲ್ಲ. ಆದರೆ ಅವನ ವಿಷಯ ಒಂದಿಷ್ಟು ಹೇಳಿ ಎಂದು ಕೇಳಿ ನೋಡಿ, ಎಲ್ಲರಿಗೂ ಆಗಲೇ ಏನೋ ಕೆಲಸ ನೆನಪಾಗಿಬಿಡುತ್ತದೆ. ಹೇಡಿಗಳು! ಅವನ ಮನೆಯ ಅಂಬಲಿ ಕುಡಿದವರೇ ಮುಖ ತಿರುಗಿಸಿಕೊಂಡು ಹೋಗುತ್ತಾರೆ.

ವಾಂಡೊ ಹೊಡೆಯುತ್ತಿದ್ದದ್ದು ದೊರೆಯ ಗಾಡಿ. ಗಾಡಿ ಅರಮನೆಯದು, ಎತ್ತು ಅವನವು. ಅವನ ಅಪ್ಪನ ಕಾಲದಿಂದಲೂ ಹಾಗೇ. ಮಾರ್ಚ್ ತಿಂಗಳು ಹುಟ್ಟಿದ ದಿನ ನಮ್ಮ ಫ್ರಾಂಕ್ ಕುಲದವರೆಲ್ಲ ಈಟಿ ಹಿಡಿದು ದೊಡ್ಡ ಬಯಲಿನಲ್ಲಿ ಸೇರುವರು. ಆ ದಿನ ದೊರೆ ಕುದುರೆ ಹತ್ತುವಂತಿಲ್ಲ, ಎತ್ತಿನ ಗಾಡಿಯಲ್ಲೇ ಬರಬೇಕು. ಹುಟ್ಟಿದಂದಿನಿಂದ ಕತ್ತರಿ ಕಾಣದ ಕೂದಲನ್ನು ಹೆಗಲ ಮೇಲೆ ಹರಡಿಕೊಂಡು, ಕಲಿಸಿಕೊಟ್ಟ ನಾಲ್ಕು ಮಾತು ಒಪ್ಪಿಸಬೇಕು. ಗಾಡಿ ಹೋದ ದಾರಿಯ ಹೊಲ ಚೆನ್ನಾಗಿ ಬೆಳೆಯುತ್ತದೆಂದು ಹೆಂಗಸರು ಚಕ್ರದ ಜಾಡಿನ ಮಣ್ಣು ಬಾಚಿ ಬಟ್ಟೆಯ ತುದಿಗೆ ಕಟ್ಟಿಕೊಳ್ಳುವರು. ಅಲ್ಲಿಗೆ ದೊರೆಯ ಕೆಲಸ ಮುಗಿಯಿತು. ಮಿಕ್ಕ ವರ್ಷವೆಲ್ಲ ದೊರೆ ಎಲ್ಲಿರಬೇಕು, ಏನು ಉಣ್ಣಬೇಕು, ಬದುಕಬೇಕೋ ಸಾಯಬೇಕೋ, ಎಲ್ಲ ಅರಮನೆಯ ಪಾರುಪತ್ಯಗಾರನ ಚಿತ್ತ. ದಂಡು ಅವನದು, ಬೊಕ್ಕಸದ ಬೀಗ ಅವನದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ನಮ್ಮಲ್ಲಿ ದೇವರಿಗೆ ವರ ಕೊಡುವ ಬಾಯಿಯೂ ಇರಲಿಲ್ಲ.

ಆಗಿನ ಪಾರುಪತ್ಯಗಾರನ ಹೆಸರು ಎರ್ಖಾರ್ದ್. ಯಾವಾಗಲೂ ನಗುನಗುತ್ತಾ ಮಾತಾಡುವವನು. ಅವನನ್ನು ಕಂಡರೆ ವಾಂಡೊಗೆ ದನದ ಸಂತೆಯ ದಲ್ಲಾಳಿ ನೆನಪಾಗುತ್ತಿದ್ದ.

ಆಗಿನ ದೊರೆ ಇನ್ನೂ ಹುಡುಗ, ಹೆಸರು ಸಿಗೊಮರ್. ಅವನ ಅಪ್ಪ, ಹಿಂದಿನ ದೊರೆ, ಬೇಟೆಗೆ ಹೋದವನು ಹೆಣವಾಗಿ ಬಂದ. ಕಾಡುಹಂದಿ ತಿವಿಯಿತು ಅಂದರು. ಆ ಹಂದಿ ಬೆನ್ನ ಹಿಂದಿನಿಂದ ಬಂದು ಈಟಿಯಷ್ಟೇ ಅಗಲಕ್ಕೆ ತಿವಿದಿತ್ತು ಎನ್ನುವುದು ಹೆಣ ಹೇರಿಕೊಂಡು ಬಂದ ವಾಂಡೊಗೆ ಗೊತ್ತು. ದೊರೆ ಸತ್ತರೆ ಗಂಡುಮಕ್ಕಳೆಲ್ಲ ರಾಜ್ಯವನ್ನು ಹೊಲ ಹಂಚಿದಂತೆ ಪಾಲು ಹಾಕಿಕೊಳ್ಳುವುದು ನಮ್ಮ ಪದ್ಧತಿ, ದಾಯಾದಿ ಮತ್ಸರಕ್ಕೆ ಮದ್ದಿಲ್ಲ. ಹುಡುಗನ ಇಬ್ಬರು ಅಣ್ಣಂದಿರೂ ಮೀಸೆ ಮೂಡುವ ಮೊದಲೇ ಅದೇ ಗಾಡಿಯಲ್ಲಿ ಮಲಗಿಕೊಂಡು ಬಂದರು. ಉಳಿದದ್ದು ಈ ಕೂಸು ಒಂದು. ಪಟ್ಟ ಕಟ್ಟುವ ಪದ್ಧತಿಯಂತೆ ಅದನ್ನು ಗುರಾಣಿಯ ಮೇಲೆ ಕೂರಿಸಿ, ನಾಲ್ವರು ಹೆಗಲಿಗೆತ್ತಿ, ದಂಡಿನ ಸುತ್ತ ಮೆರೆಸಿದರು. ಕೂಸು ಹೆದರಿ ಗುರಾಣಿಯ ಮೇಲೆಯೇ ಉಚ್ಚೆ ಹೊಯ್ದುಕೊಂಡಿತು. ಜನ ಜಯಕಾರ ಹಾಕಿದರು.

ಅಲ್ಲಿಂದ ಹೊಳೆಯಾಚೆಯ ತೋಟದ ಅರಮನೆಗೆ ಕೂಸನ್ನು ಕರೆತಂದವನು ವಾಂಡೊ. ದಾರಿಯುದ್ದಕ್ಕೂ ಅಳು. ಜೊತೆಗಿದ್ದ ಕಾವಲಿನವರು ಕಿವಿ ಮುಚ್ಚಿಕೊಂಡು ಮುಂದೆ ಮುಂದೆ ಹೋದರು. ವಾಂಡೊ ಗಾಡಿ ನಿಲ್ಲಿಸಿ, ತನ್ನ ಎತ್ತು ಹೊಡೆಯುವ ಕೋಲನ್ನು ಆ ಪುಟ್ಟ ಕೈಗೆ ಕೊಟ್ಟ.

"ಹಿಡ್ಕೋ ಬುದ್ಧಿ. ಇವನು ಬ್ರೂನ್, ಅವನು ಬ್ಲಾಂಕ. ಹೋಯ್ ಅನ್ನು, ಹೋಗ್ತಾರೆ."

"ಹೋಯ್," ಎಂದಿತು ಕೂಸು. ಎತ್ತು ಹೊರಟವು. ಕೂಸು ಬಾಯಿ ತೆರೆದು ನೋಡಿತು. ತನ್ನ ಮಾತಿಗೆ ಯಾರೋ ನಡೆದದ್ದು ಅದೇ ಮೊದಲು; ಆಮೇಲೂ ಆ ಎರಡು ಎತ್ತು ಬಿಟ್ಟರೆ ಯಾರೂ ನಡೆಯಲಿಲ್ಲ.

ವಾಂಡೊನ ಗುಡಿಸಲು ಅರಮನೆಯ ಕೊಟ್ಟಿಗೆಯ ಹಿಂದೆಯೇ ಇತ್ತು. ಹೆಂಡತಿ ಬೆರ್ತಿಲಳ ಮಡಿಲು ತುಂಬಿರಲಿಲ್ಲ. ಊರಿನವರ ಚುಚ್ಚುಮಾತು ಕೇಳಿ ಕೇಳಿ ಅವಳ ನಾಲಿಗೆಯೂ ಹರಿತವಾಗಿತ್ತು. ಹುಡುಗ ನಡೆಯುವುದಕ್ಕೆ ಕಲಿತ ಮೇಲೆ ಅರಮನೆಯಲ್ಲಿ ಕಾಣದಿದ್ದರೆ ಕೊಟ್ಟಿಗೆಯಲ್ಲಿರುತ್ತಿದ್ದ, ಅಲ್ಲೂ ಇಲ್ಲದಿದ್ದರೆ ಬೆರ್ತಿಲಳ ಒಲೆಯ ಮುಂದೆ. ನಾಲ್ಕು ಜನರ ಎದುರು ವಾಂಡೊ ಅವನನ್ನು ಬುದ್ಧಿ ಎನ್ನುತ್ತಿದ್ದ. ಮನೆಯ ಒಳಗೆ ಬಾಯಿ ತಪ್ಪಿ ಮಗಾ ಎಂದು ಬಂದುಬಿಡುತ್ತಿತ್ತು.

"ನಿನ್ನ ನಾಲಿಗೆಗೆ ಮೂಳೆ ಇಲ್ಲ ಕಣೋ," ಎಂದು ಬೆರ್ತಿಲ ಗದರುತ್ತಿದ್ದಳು. "ಗೋಡೆಗೂ ಕಿವಿ ಇರುತ್ತೆ." ಹೀಗೆಂದವಳೇ ರೊಟ್ಟಿಯ ಮೇಲೆ ಹಂದಿಯ ಕೊಬ್ಬು ಸವರಿ ಹುಡುಗನ ಕೈಗೆ ತುರುಕುತ್ತಿದ್ದಳು.

ಒಂದು ಚಳಿಗಾಲ ಹುಡುಗ ಬ್ರೂನ್‌ನ ಕೊರಳು ತುರಿಸುತ್ತ ಕೇಳಿದ. "ವಾಂಡೊ, ನೀನು ಸತ್ತರೆ ಇವ್ರಿಬ್ರೂ ಯಾರಿಗೆ ಹೋಗ್ತಾರೆ?"

"ನಮ್ಮಣ್ಣನ ಮಗ ಒಬ್ಬ ಇದಾನಲ್ಲ, ಅವನಿಗೆ."

"ಅವನು ಕುಡುಕ. ಎತ್ತಿನ ಬಾಲ ಮುರೀತಾನೆ."

"ಏನ್ ಮಾಡದು ಬುದ್ಧಿ. ಮಕ್ಕಳಿಲ್ಲದೋನ ಬದುಕು ಬೀದಿ ಪಾಲು."

"ನಂಗೆ ಕೊಡು."

ವಾಂಡೊ ನಕ್ಕುಬಿಟ್ಟ. "ಲ್ವಾರ್ ಹೊಳೆಯಿಂದ ಸಮುದ್ರದವರೆಗೂ ನಿಮ್ದೇ. ಈ ಮುದಿ ಎತ್ತು ಕಟ್ಕೊಂಡು ಏನ್ ಮಾಡ್ತೀರಿ?"

"ಅದ್ಯಾವುದೂ ನಂದಲ್ಲ," ಎಂದ ಹುಡುಗ. ಅವನು ನಗಲಿಲ್ಲ. "ನಾನು ಮುಟ್ಟಿ ನೋಡಿರೋದು ಯಾವುದಿದೆ ಹೇಳು? ಈ ಉಂಗುರಾನೂ ಸಂಜೆ ಆದ್ರೆ ಬಿಚ್ಚಿಟ್ಕೋತಾರೆ. ಬ್ರೂನ್‌ನ ದಿನಾ ಮುಟ್ತೀನಿ."

ಈ ಮಾತು ವಾಂಡೊನ ಎದೆಗೆ ನಾಟಿತು. ನಮ್ಮಲ್ಲಿ ಮಕ್ಕಳಿಲ್ಲದವನಿಗೆ ಒಂದು ದಾರಿ ಇದೆ. ತನಗೆ ಬೇಕಾದವನನ್ನು ಕೂರಿಸಿ ಅವನ ಮಡಿಲಿಗೆ ಒಂದು ಹುಲ್ಲುಕಡ್ಡಿ ಎಸೆಯಬೇಕು. ಕಡ್ಡಿ ಬಿದ್ದವನು ಎಸೆದವನ ಮನೆಯಲ್ಲಿ ಯಜಮಾನನ ಹಾಗೆ ಕೂತು, ಮೂವರು ಅತಿಥಿಗಳಿಗೆ ತನ್ನ ಕೈಯಾರೆ ಅಂಬಲಿ ಬಡಿಸಬೇಕು. ಅವರು ಉಂಡು ಎದ್ದರೆ ಮುಗಿಯಿತು, ಅವನೇ ಮಗ, ಆ ಮನೆ ಅವನದೇ. ಉಂಡವರು ಸಾಯುವವರೆಗೂ ಸಾಕ್ಷಿ.

ಬೆರ್ತಿಲಳಿಗೆ ಹೇಳಿದಾಗ ಅವಳು ಸೌಟು ಎತ್ತಿಕೊಂಡೇ ಬಂದಳು. "ನಿಂಗೇನು ತಲೆ ಕೆಟ್ಟಿದೆಯಾ? ದೊರೆ ಮಡಿಲಿಗೆ ಗಾಡಿಯೋನು ಕಡ್ಡಿ ಹಾಕ್ತಾನಾ? ಯಾರಾದ್ರೂ ಕೇಳಿದ್ರೆ ಕತ್ತು ಹೋಗುತ್ತೆ!"

"ಆಟ ಕಣೇ. ಮಗು ಆಸೆಪಡ್ತು."

"ಆಟ ಆದ್ರೆ ನೀನು ಯಾಕೆ ಅಳ್ತಿದೀಯ?"

ವಾಂಡೊ ತೋಳಿನಿಂದ ಕಣ್ಣೊರೆಸಿಕೊಂಡ. ಬೆರ್ತಿಲ ಸೌಟು ಕೆಳಗಿಟ್ಟಳು. ಆಮೇಲೆ ಹೋಗಿ ದೊಡ್ಡ ಗಡಿಗೆಗೆ ಬಾರ್ಲಿ ಸುರಿದಳು.

ಅತಿಥಿಗಳಾಗಿ ಬಂದವರು ಗಿರಣಿಯ ಮುಮ್ಮೊ, ಕಮ್ಮಾರ, ಹಂದಿ ಕಾಯುವವ, ಮೂವರೂ ಹತ್ತಿರದವರೇ. ವಾಂಡೊ ನೆಲದ ಮೇಲಿನ ಹುಲ್ಲಿನಿಂದ ಒಂದು ಕಡ್ಡಿ ಎತ್ತಿ ಹುಡುಗನ ಮಡಿಲಿಗೆ ಹಾಕಿದ. ಹುಡುಗ ಉದ್ದ ಕೂದಲನ್ನು ಹಿಂದಕ್ಕೆ ಕಟ್ಟಿಕೊಂಡು, ಬಿಸಿ ಗಡಿಗೆಯನ್ನು ಬಟ್ಟೆಯಲ್ಲಿ ಹಿಡಿದು ಮೂವರಿಗೂ ಬಡಿಸಿದ.

ಮುಮ್ಮೊ ಒಂದು ಗುಟುಕು ಕುಡಿದು ಮುಖ ಹುಳ್ಳಗೆ ಮಾಡಿದ. "ಬುದ್ಧಿ, ಅಂಬಲಿಗೇ ಉಪ್ಪಿಲ್ಲ, ಇನ್ನು ರಾಜ್ಯ ಹೆಂಗೆ ಆಳ್ತೀರಿ?"

"ಉಪ್ಪು ಹಾಕೋದು ಅವ್ವನ ಕೆಲಸ," ಎಂದ ಹುಡುಗ, ಬೆರ್ತಿಲಳ ಕಡೆ ಕೈ ತೋರಿಸಿ.

ಎಲ್ಲರೂ ನಕ್ಕರು. ಬೆರ್ತಿಲ ಉಪ್ಪು ತರುವ ನೆವದಲ್ಲಿ ಹೊರಗೆ ಹೋಗಿ, ಗೋಡೆಗೆ ಒರಗಿ ಅತ್ತಳು. ಅವಳನ್ನು ಆವರೆಗೆ ಯಾರೂ ಅವ್ವ ಎಂದು ಕರೆದಿರಲಿಲ್ಲ.

ಅದಾದ ಮೇಲೆ ಬಂದ ಬೇಸಿಗೆಯಲ್ಲಿ ಆಲಿಕಲ್ಲು ಬಿತ್ತು. ತೆನೆ ತುಂಬಿದ್ದ ಪೈರೆಲ್ಲ ನೆಲಕಚ್ಚಿತು. ಮುಂದಿನ ಚಳಿಗಾಲದಲ್ಲಿ ಜನ ಓಕ್ ಮರದ ಕಾಯಿ ಬೀಸಿ ರೊಟ್ಟಿ ಮಾಡಿ ತಿಂದರು. ಗಿರಣಿಗೆ ಕಾಳು ಬರದೆ ಮುಮ್ಮೊ ಬೀರು ಕುಡಿಯುವ ಕಡೆಯೇ ಬಿದ್ದಿರುತ್ತಿದ್ದ. ಒಂದು ದಿನ ಯಾರೋ ಅವನ ಖಾಲಿ ಗಿರಣಿಯನ್ನು ಆಡಿಕೊಂಡರು. ಅಷ್ಟಕ್ಕೇ ಮೈಯೆಲ್ಲ ಉರಿದು, ಎದ್ದು ನಿಂತು ಕೂಗಿಬಿಟ್ಟ: "ನಾನು ಯಾರು ಅಂತ ಗೊತ್ತೇನ್ರೋ? ದೊರೆ ಕೈಯಿಂದ ಅಂಬಲಿ ಬಡಿಸ್ಕೊಂಡು ಉಂಡೋನು! ಗಾಡಿ ವಾಂಡೊ ಮನೇಲಿ, ಕಡ್ಡಿ ಹಾಕಿದ ದಿನ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಮ್ಮೊ ಕೆಟ್ಟವನಲ್ಲ. ದೊಡ್ಡದೊಂದು ಮಾತು ಆಡಬೇಕೆಂಬ ಚಪಲ, ಅಷ್ಟೇ. ಊರು ಹಾಳು ಮಾಡುವುದಕ್ಕೆ ಅಷ್ಟು ಸಾಕು.

ಎರ್ಖಾರ್ದ್‌ಗೆ ಇದು ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿದ ಹಾಗಾಯಿತು. ಹುಡುಗನಿಗೆ ಹನ್ನೆರಡು ತುಂಬುತ್ತಿತ್ತು. ನಮ್ಮ ಕಟ್ಟಳೆಯಲ್ಲಿ ಹನ್ನೆರಡು ತುಂಬಿದವನು ಗಂಡಸು. ಆಮೇಲೆ ಅವನು ತನ್ನ ಬಾಯಿಂದಲೇ ಅಪ್ಪಣೆ ಕೊಡಬಹುದು, ಪಾರುಪತ್ಯಗಾರನನ್ನು ತೆಗೆದೂ ಹಾಕಬಹುದು. ಎರ್ಖಾರ್ದ್‌ನ ಬಳಿ ಆಗಲೇ ಇನ್ನೊಂದು ಮೊಲೆಗೂಸು ಸಿದ್ಧವಿತ್ತು. ಅದೇ ವಂಶದ, ಹುಡುಗನ ಸತ್ತ ದೊಡ್ಡಪ್ಪನ ಮೊಮ್ಮಗು. ಅದನ್ನು ಗುರಾಣಿಯ ಮೇಲೆ ಕೂರಿಸಿದರೆ ಮತ್ತೆ ಹನ್ನೆರಡು ವರ್ಷ ಅವನನ್ನು ತಡೆಯುವವರಿಲ್ಲ. ಆದರೆ ಇರುವ ದೊರೆಯನ್ನು ಮುಟ್ಟುವುದು ಹೇಗೆ? ದೊರೆಯ ರಕ್ತ ಬಿದ್ದ ನೆಲದಲ್ಲಿ ಪೈರು ಏಳುವುದಿಲ್ಲ ಎಂದು ಜನ ನಂಬಿದ್ದರು.

ಮಾರ್ಚ್ ಹತ್ತಿರವಾದಾಗ ಎರ್ಖಾರ್ದ್ ತಾನೇ ಕೊಟ್ಟಿಗೆಗೆ ಬಂದ. ಬ್ಲಾಂಕನ ಬೆನ್ನು ಸವರಿದ, ಹಲ್ಲು ನೋಡಿದ.

"ವಯಸ್ಸಾಯ್ತು ಇವಕ್ಕೆ. ಎಷ್ಟು ಜನ ದೊರೆ ಮಕ್ಕಳ ಹೆಣ ಎಳೆದಿವೆ, ಅಲ್ವಾ ವಾಂಡೊ?"

ವಾಂಡೊ ಬ್ರೂನ್‌ನ ಮುಂದೆ ಮೇವು ಹಾಕಿದ.

"ಆ ಮನೇಲಿ ಹುಡುಗರು ಹನ್ನೆರಡು ದಾಟಲ್ಲ. ಯಾರ್ ಮಾಡ್ತಾರೆ, ಯಾಕ್ ಮಾಡ್ತಾರೆ, ನನ್ನ ಕೈಲಿ ತಡೆಯೋಕಾಗಲ್ಲ. ಆದ್ರೆ ಗಾಡಿಯೋನ ಮಗನ್ನ ಯಾರು ಕೊಲ್ತಾರೆ ಹೇಳು? ಯಾರಿಗೆ ಬೇಕು ಅವನು?" ಎರ್ಖಾರ್ದ್ ನಕ್ಕ. "ನೀನು ಕಡ್ಡಿ ಹಾಕಿದ್ದು ನಿಜ ತಾನೆ? ಬಯಲಲ್ಲಿ ಬಂದು ಆಣೆ ಇಟ್ಟು ಅದನ್ನೇ ಹೇಳು. ಕೂದಲು ಕತ್ತರಿಸ್ತಾರೆ, ಅಷ್ಟೆ. ಕರ್ಕೊಂಡು ಮನೆಗೆ ಹೋಗು. ಸುಳ್ಳು ಹೇಳು ಅಂತಿಲ್ಲವಲ್ಲಪ್ಪಾ ನಾನು."

"ಮನೆಗೆ ಬಿಡ್ತೀರಾ, ಒಡೆಯಾ?"

"ಇನ್ನೇನು, ನಾನು ಇಟ್ಕೊಂಡು ಏನ್ ಮಾಡ್ಲಿ?"

ಆ ಸಂಜೆ ವಾಂಡೊ ಹೆಂಡತಿಯ ಮುಂದೆ ಕೂತು ಎಲ್ಲ ಹೇಳಿದ. ಅವಳು ಬೈಯುತ್ತಾಳೆ, ಬೇಡ ಎನ್ನುತ್ತಾಳೆ, ಆಗ ತನ್ನ ಮನಸ್ಸೂ ಗಟ್ಟಿಯಾಗುತ್ತದೆ ಎಂದುಕೊಂಡಿದ್ದ. ಅವಳು ಬೈಯಲಿಲ್ಲ. ಜೀವಮಾನದಲ್ಲಿ ಒಮ್ಮೆ ಅವಳು ಬೈಯಬೇಕಾಗಿತ್ತು, ಆ ದಿನ ಬೈಯಲಿಲ್ಲ.

"ಹೇಳಿಬಿಡು," ಎಂದಳು. "ದೊರೆಯಾಗಿ ಸಾಯೋದಕ್ಕಿಂತ ನಮ್ಮ ಹಟ್ಟೀಲಿ ಸಗಣಿ ಬಾಚ್ಕೊಂಡು ಬದುಕಲಿ." ಹೇಳಿದವಳೇ ಗಂಡನ ಹಳೆಯ ಅಂಗಿಯೊಂದನ್ನು ತೆಗೆದು ಹುಡುಗನ ಅಳತೆಗೆ ಕತ್ತರಿಸಲು ಕೂತಳು.

ಬಯಲಿಗೆ ಹೋಗುವ ದಾರಿಯಲ್ಲಿ ವಾಂಡೊ ಎತ್ತುಗಳ ಪಕ್ಕ ನಡೆಯುತ್ತ, ತಲೆ ಎತ್ತದೆ ಹೇಳಿದ. "ಮಗಾ, ಇವತ್ತು ಯಾರಾದ್ರೂ ಕಡ್ಡಿ ವಿಷ್ಯ ಕೇಳಿದ್ರೆ ನಿಜ ಹೇಳು."

"ಹೇಳಿದ್ರೆ ನಾನು ದೊರೆ ಆಗಿರಲ್ವಾ?"

"ಇಲ್ಲ. ಕೂದಲು ಕತ್ತರಿಸ್ತಾರೆ, ಆಮೇಲೆ ಮನೆಗೆ ಹೋಗೋದು."

"ಬ್ರೂನ್ ನನ್ನವನಾಗಿರ್ತಾನಾ?"

"ಹೂಂ."

"ಹಂಗಾದ್ರೆ ಹೇಳ್ತೀನಿ," ಎಂದ ಹುಡುಗ. ಸ್ವಲ್ಪ ದೂರ ಹೋದ ಮೇಲೆ ಕೇಳಿದ: "ಅವ್ವ ಇವತ್ತು ಏನು ಅಡಿಗೆ ಮಾಡ್ತಾಳೆ?"

ಬಯಲಿನಲ್ಲಿ ಈಟಿಗಳ ಕಾಡು. ಜನರ ಮುಖವೆಲ್ಲ ಹಸಿವಿನಿಂದ ಒಣಗಿತ್ತು. ಮೊದಲು ಮುಮ್ಮೊನನ್ನೂ ಇನ್ನಿಬ್ಬರನ್ನೂ ಎಳೆತಂದರು. ಮುಮ್ಮೊ ಯಾರ ಮುಖವನ್ನೂ ನೋಡದೆ, ಉಂಡದ್ದು ನಿಜ ಎಂದ. ಆಮೇಲೆ ವಾಂಡೊ ಸಂತನ ಎಲುಬಿದ್ದ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಈ ಹುಡುಗನ ಮಡಿಲಿಗೆ ಕಡ್ಡಿ ಹಾಕಿದ್ದೇನೆ, ಇವನು ನನ್ನ ಮಗ ಎಂದು ಆಣೆಮಾಡಿದ. ಕೊನೆಗೆ ಎರ್ಖಾರ್ದ್ ಗಾಡಿಯ ಕಡೆ ತಿರುಗಿದ.

"ಹೌದು," ಎಂದ ಹುಡುಗ ಎದ್ದು ನಿಂತು. "ನಾನು ವಾಂಡೊ ಮಗ." ಇಷ್ಟು ವರ್ಷ ಆ ಬಯಲಿನಲ್ಲಿ ಗಿಳಿಪಾಠ ಒಪ್ಪಿಸಿದ್ದ ಬಾಯಿ ಅದು. ಅವತ್ತು ಮೊದಲ ಸಲ ತನ್ನ ಸ್ವಂತ ಮಾತು ಆಡಿದ್ದ. ಬಯಲಿನ ಆ ತುದಿಗೂ ಕೇಳಿಸಿತು. ವಾಂಡೊನ ಕಡೆ ನೋಡಿ ಮುಖವರಳಿಸಿದ.

ಆಗ ಎರ್ಖಾರ್ದ್‌ನ ನಗು ನಿಂತಿತು.

"ಕೇಳಿದ್ರೇನಪ್ಪಾ?" ಎಂದು ದನಿಯೆತ್ತಿದ. "ಕಡ್ಡಿ ಹಾಕಿದ್ದು ಹೋದ ಚಳಿಗಾಲದ ಹಿಂದಿನ ಚಳಿಗಾಲ. ಅವತ್ತೇ ಇವನು ದೊರೆ ಮನೆ ಬಿಟ್ಟು ಗಾಡಿಯೋನ ಮನೆ ಸೇರಿದ. ಆಮೇಲೂ ಇದೇ ಗಾಡೀಲಿ, ಇದೇ ಕೂದಲು ಬಿಟ್ಕೊಂಡು, ನಿಮ್ಮ ಹೊಲದ ಮೇಲೆ ಹಾದು ಹೋದನಲ್ಲ! ಇವನ ಚಕ್ರದ ಮಣ್ಣನ್ನ ನಿಮ್ಮ ಹೆಂಗಸರು ಗಂಟು ಕಟ್ಕೊಂಡ್ರು. ಆ ಬೇಸಿಗೇಲಿ ಏನಾಯ್ತು?"

ಹಿಂದಿನಿಂದ ಯಾರೋ ಕೂಗಿದರು: "ಆಲಿಕಲ್ಲು!"

ಅಷ್ಟೇ. ಬಯಲು ಬಯಲೇ ಹೊತ್ತಿಕೊಂಡಿತು. ನಮ್ಮ ಜನ, ನಮ್ಮವರೇ! ಆ ಹುಡುಗನ ಜಾಡಿನ ಮಣ್ಣನ್ನು ಕಣ್ಣಿಗೊತ್ತಿಕೊಂಡವರೇ ಈಟಿಯಿಂದ ಗುರಾಣಿ ಬಡಿಯುತ್ತ, ಕಳ್ಳದೊರೆ, ಕಳ್ಳದೊರೆ ಎಂದು ಕೂಗಿದರು. ಓಕ್ ಕಾಯಿಯ ರೊಟ್ಟಿ ತಿಂದು ಮಕ್ಕಳನ್ನು ಮಣ್ಣು ಮಾಡಿದ್ದವರಿಗೆ ಬೈಯುವುದಕ್ಕೆ ಯಾರಾದರೊಬ್ಬರು ಬೇಕಾಗಿತ್ತು. ಸಿಕ್ಕಿದ.

ವಾಂಡೊಗೆ ಆಗ ಅರ್ಥವಾಯಿತು. ಮಗ ಎಂದರೆ ಹುಡುಗನಿಗೆ ಸೂರು ಎಂದು ಅವನು ತಿಳಿದಿದ್ದ, ಅದೇ ಮಾತು ಹುಡುಗನಿಗೆ ಉರುಳಾಗಿತ್ತು. "ಆಟ! ಆಟ ಆಡಿದ್ದು, ಒಡೆಯಾ!" ಎಂದು ಅರಚುತ್ತ ಎರ್ಖಾರ್ದ್‌ನ ಕಾಲಿಗೆ ಬಿದ್ದ. "ಅವನು ದೊರೆ ಮಗನೇ! ನಿಜವಾದ ರಕ್ತ! ನಾನೇ ಅವರಪ್ಪನ ಹೆಣ ತಂದೋನು!"

"ಈಗ ತಾನೆ ಸಂತನ ಮೇಲೆ ಕೈ ಇಟ್ಟು ನಿನ್ನ ಮಗ ಅಂದೆಯಲ್ಲೋ," ಎಂದ ಎರ್ಖಾರ್ದ್. "ಯಾವ ಬಾಯಿ ನಿಂದು?"

ಸುತ್ತ ನಿಂತವರು ನಕ್ಕರು. ಗಾಡಿಯವನ ಮಾತಿಗೆ ಬೆಲೆ ಇದ್ದದ್ದು ಆಣೆ ಇಟ್ಟ ಆ ಒಂದು ಸಲ ಮಾತ್ರ.

ಹುಡುಗನನ್ನು ಗಾಡಿಯಿಂದ ಇಳಿಸಿ, ಅಲ್ಲೇ ಎಲ್ಲರೆದುರು ಕೂದಲು ಕತ್ತರಿಸಿದರು. ಅವನು ಅಳಲಿಲ್ಲ. ಹೀಗಾಗುತ್ತದೆಂದು ವಾಂಡೊ ಮೊದಲೇ ಹೇಳಿದ್ದ, ಇದಾದ ಮೇಲೆ ಮನೆಗೆ ಹೋಗುವುದು ಎಂದುಕೊಂಡಿದ್ದ. ಇಬ್ಬರು ಅವನ ತೋಳು ಹಿಡಿದು ಡೇರೆಯ ಹಿಂದಕ್ಕೆ ಕರೆದುಕೊಂಡು ಹೊರಟಾಗ ತಿರುಗಿ ನೋಡಿದ.

"ಅಪ್ಪಾ, ಎತ್ತಿಗೆ ನೀರು ಕುಡಿಸಿರು. ಬಂದೆ."

ಐದಾರು ಜನ ವಾಂಡೊನನ್ನು ನೆಲಕ್ಕೆ ಒತ್ತಿ ಹಿಡಿದಿದ್ದರು. ಬಿಟ್ಟ ಮೇಲೆ ಅವನು ಎದ್ದು, ಎತ್ತುಗಳ ನೊಗ ಕಳಚಿ, ಹೊಳೆಗೆ ಹೊಡೆದುಕೊಂಡು ಹೋಗಿ ನೀರು ಕುಡಿಸಿದ. ಅವನಿಗೆ ಮಾಡಲು ಹೇಳಿದ್ದ ಕೆಲಸ ಅದೊಂದೇ ಉಳಿದಿತ್ತು. ಅವನು ಅಲ್ಲಿರುವಾಗಲೇ ಬಯಲಿನಲ್ಲಿ ಜಯಕಾರ ಕೇಳಿಸಿತು. ಹೊಸ ಕೂಸನ್ನು ಗುರಾಣಿಗೆ ಏರಿಸಿದ್ದರು.

ಹಿಂದಿನ ದೊರೆಗಳೆಲ್ಲ ಮಲಗಿರುವ ಕಲ್ಲಿನ ಚರ್ಚಿನಲ್ಲಿ ಗಾಡಿಯವನ ಮಗನಿಗೆ ಜಾಗವಿರಲಿಲ್ಲ. "ನಿನ್ನ ಮಗ ತಾನೆ, ತಗೊಂಡು ಹೋಗು," ಎಂದು ಗಾಡಿಗೆ ಹಾಕಿದರು. ಎರ್ಖಾರ್ದ್ ಮನೆಗೆ ಕಳಿಸಿದ್ದು ಹೀಗೆ. ಬೆರ್ತಿಲ ಹೊಸದಾಗಿ ಹೊಲಿದ ಅಂಗಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಗಾಡಿಯಲ್ಲಿ ಕೂತವರು ಕಾಣದೆ, ಹುಡುಗ ಮಲಗಿರಬೇಕೆಂದುಕೊಂಡಳು. ಹತ್ತಿರ ಬಂದು ನೋಡಿ, ಗಂಡನ ಮುಖ ನೋಡಿ, ಏನೂ ಕೇಳದೆ ಆ ಅಂಗಿಯನ್ನೇ ಅವನಿಗೆ ತೊಡಿಸಿದಳು. ಅಳತೆ ಸರಿಯಾಗಿತ್ತು. ಕೊಟ್ಟಿಗೆಯ ಪಕ್ಕದಲ್ಲಿ ಮಣ್ಣು ಮಾಡಿದರು.

ಆ ಮೇಲೆ ಅವಳು ವಾಂಡೊನ ಜೊತೆ ಮಾತು ಬಿಟ್ಟಳು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದನೋ ಏನೋ. ಮುಮ್ಮೊ ಒಂದು ದಿನ ಹಿಟ್ಟಿನ ಚೀಲ ತಂದು ಬಾಗಿಲಲ್ಲಿಟ್ಟು ಓಡಿಹೋದ. ಬೆರ್ತಿಲ ಅದನ್ನು ಹಂದಿಯ ತೊಟ್ಟಿಗೆ ಸುರಿದಳು, ಬರಗಾಲದಲ್ಲಿ!

ಮರುವರ್ಷ ಮಾರ್ಚ್ ಬಂದಾಗ ವಾಂಡೊ ಮತ್ತೆ ಗಾಡಿ ಕಟ್ಟಿದ. ನಾಚಿಕೆಯಾಗಲಿಲ್ಲವೇ ಎಂದು ಕೇಳುವವರಿದ್ದಾರೆ. ಕೇಳುವುದು ಸುಲಭ. ಮಗ ಸತ್ತರೆ ಅವನ ಆಸ್ತಿ ಅಪ್ಪನಿಗೆ ತಿರುಗಿ ಬರುತ್ತದೆ, ಅದು ಕಟ್ಟಳೆ. ಮಗನ ಎರಡು ಎತ್ತು ತಿರುಗಿ ಬಂದಿದ್ದವು, ಅವಕ್ಕೆ ಮೇವು ಹಾಕಬೇಕಾಗಿತ್ತು. ಆ ವರ್ಷ ಬೆಳೆ ಚೆನ್ನಾಗಿ ಬಂತು. ಹೆಂಗಸರು ಮತ್ತೆ ಚಕ್ರದ ಜಾಡಿನ ಮಣ್ಣು ಬಾಚಿದರು.

ಹೊಸ ದೊರೆ ಎದ್ದು ನಿಲ್ಲುವಷ್ಟಾದಾಗ, ಒಂದು ಸಲ ದಾದಿಯ ತೊಡೆಯಿಂದ ಜಾರಿ ಗಾಡಿಯ ಮುಂದಕ್ಕೆ ಬಂದು, ವಾಂಡೊನ ಕೈಯಲ್ಲಿದ್ದ ಕೋಲಿಗೆ ಕೈ ಚಾಚಿತು. ಬೆಣ್ಣೆಯಂಥ ಕೈ. "ಕೊಡು," ಎಂದಿತು.

"ದೂರ!" ಎಂದು ವಾಂಡೊ ಅಬ್ಬರಿಸಿದ. ಮಗುವಿನ ಮೇಲೆ ಅವನು ದನಿಯೆತ್ತಿದ್ದನ್ನು ಯಾರೂ ಕಂಡವರಿಲ್ಲ. "ಮುಟ್ಟಬೇಡ! ಎತ್ತನ್ನೂ ಮುಟ್ಟಬೇಡ, ನನ್ನನ್ನೂ ಮುಟ್ಟಬೇಡ! ಹಿಂದೆ ಹೋಗು!"

ಮಗು ಬೆಚ್ಚಿಬಿದ್ದು ಅಳತೊಡಗಿತು. ದಾದಿ ಅದನ್ನು ಎಳೆದು ಅಪ್ಪಿಕೊಂಡಳು. "ಎಂಥಾ ಕಟುಕ ಮುದುಕನಪ್ಪಾ! ತನಗೊಂದು ಮಗು ಅಂತ ಇದ್ದಿದ್ರೆ ಗೊತ್ತಾಗ್ತಿತ್ತು."

ವಾಂಡೊ ಕೋಲನ್ನು ಮಗುವಿಗೆ ಕಾಣದ ಹಾಗೆ ಇನ್ನೊಂದು ಪಕ್ಕಕ್ಕೆ ಹಿಡಿದುಕೊಂಡು, ಹಿಂತಿರುಗಿ ನೋಡದೆ ಎತ್ತುಗಳ ಜೊತೆ ನಡೆದ.